ಅವ್ವ ಕಟ್ಟುತ್ತಿದ್ದ ಲೇಸು

೭ ಫೆಬ್ರುವರಿ, ಶನಿವಾರ

ಮಗ ಸಮರ್ಥ ಹದಿನೆಂಟರೊಳಗಿನವರ ಐಸ್ ಹಾಕಿ ತಂಡಕ್ಕೆ ಆಯ್ಕೆಯಾದ. ಸಂಜೆ ಟಿಲ್ಬರ್ಗ್ ಊರಿನ ಆಯ್ಕೆ ಶಿಬಿರದಿಂದ ಕೋಚ್ ಫೋನ್ ಮಾಡಿ ತಿಳಿಸಿದರು. ತಿರುವಿನಲ್ಲಿ ಈಗ ಅವನ ವೇಗ ತಗ್ಗುವುದಿಲ್ಲವಂತೆ.

ಅವ್ವ ನಿನ್ನೆ ಧಾರವಾಡದಲ್ಲಿ ತೀರಿಕೊಂಡಳು. ಇವತ್ತು ಮಣ್ಣು ಮಾಡಿದ್ದನ್ನು ನನ್ನ ತಮ್ಮ ವಿಡಿಯೊದಲ್ಲಿ ತೋರಿಸಿದ. ಸಮರ್ಥನಿಗೆ ಇನ್ನೂ ಹೇಳಿಲ್ಲ. "ಆಯ್ಕೆ ಮುಗೀಲಿ, ಇದಕ್ಕಂತನ ಎರಡು ವರ್ಷ ದುಡದಾನ" ಎಂದಳು ಹೆಂಡತಿ ವಿದ್ಯಾ. ನಾನೂ ಒಪ್ಪಿದೆ.

ಅವನು ಮೊದಲ ಸಲ ಮಂಜುಗಡ್ಡೆಗಿಳಿದ ಚಳಿಗಾಲ ಅವ್ವ ಇಲ್ಲೇ ನಮ್ಮ ಜೊತೆ ಇದ್ದಳು. ಐಸ್ ರಿಂಕಿನಲ್ಲಿ ಅವನ ಮುಂದೆ ನೆಲಕ್ಕೆ ಕೂತು ಸ್ಕೇಟ್‌ಗಳ ಲೇಸು ಬಿಗಿಯುತ್ತಿದ್ದಳು. ನಾನು ಕಟ್ಟಿದರೆ ಅವನಿಗೆ ಸಡಿಲವಾಗುತ್ತಿತ್ತು.

"ನಿಮ್ಮಪ್ಪಗ ಹುಲ್ಲಿನ ಹೊರಿ ಕಟ್ಟಾಕ ಬರಲಿಲ್ಲ, ಇದನ್ನೇನ್ ಕಟ್ತಾನ?" ಎಂದು ನಗುತ್ತಿದ್ದಳು. ಈಗಲೂ ಅವನು ಹಾಕುವುದು ಅವಳು ಕಲಿಸಿದ ಗಂಟನ್ನೇ.

ಕೋಚ್ ಫೋನ್ ಇಟ್ಟ ಮೇಲೆ ಸಮರ್ಥನೇ ಫೋನ್ ಮಾಡಿದ.

"ಪಪ್ಪಾ, ಅಜ್ಜಿಗೆ ನೀವು ಹೇಳಬ್ಯಾಡ್ರಿ, ನಾನ ಹೇಳ್ತೀನಿ. ಆಗ್ಲಿಂದ ಟ್ರೈ ಮಾಡಾಕತ್ತೀನಿ, ಫೋನ್ ಎತ್ತವಲ್ಲಳು."

"ಅಲ್ಲಿ ರಾತ್ರಿ ಆಗೇತಿ. ಮಲಗಿರಬೇಕು."

"ಓಕೆ, ನಾಳೆ ಮಾಡ್ತೀನಿ" ಎಂದ. ಅವನ ದನಿಯಲ್ಲಿ ಅಷ್ಟು ಖುಷಿಯನ್ನು ನಾನು ಯಾವತ್ತೂ ಕೇಳಿರಲಿಲ್ಲ.

ಶಿಬಿರ ನಾಳೆ ಬೆಳಿಗ್ಗೆ ಹತ್ತಕ್ಕೆ ಮುಗಿಯುತ್ತದೆ. ಅವನು ಮತ್ತೆ ಅಜ್ಜಿಗೆ ಫೋನ್ ಮಾಡುವ ಮೊದಲು ಹೇಳಬೇಕು; ಕರೆತರಲು ನಾನೊಬ್ಬನೇ ಹೋಗುತ್ತೇನೆ.