ಕಿಟಕಿ ಕೆಳಗಿನ ತಿರುವು

ರೀ,

ಕಾಲಿಗೆ ಇನ್ನೊಂದು ಆಪರೇಷನ್ ಬೇಕೋ ಬೇಡವೋ ಅಂತ ಡಾಕ್ಟರು ಹೇಳೋದು ನಾಳೆ. ಇವತ್ತೇ ಮುಖ ಗಂಟು ಹಾಕಿಕೊಂಡು ಕೂರಬೇಡಿ.

ಊಟ ಮೇಜಿನ ಮೇಲಿದೆ. ಬಿಸಿ ಮಾಡ್ತೀನಿ ಅಂತ ಕುಂಟಿಕೊಂಡು ಒಲೆ ಹತ್ತಿರ ಹೋದರೆ ನೋಡಿ! ಮಾತ್ರೆ ನುಂಗಿ, ನಿನ್ನೆಯದು ಹೂಕುಂಡದಲ್ಲಿ ಸಿಕ್ಕಿತು.

ಹನ್ನೊಂದೂ ಹತ್ತಕ್ಕೆ ನನ್ನ ಬಸ್ಸು ನಮ್ಮ ಕಿಟಕಿ ಕೆಳಗೇ ತಿರುಗುತ್ತಲ್ಲ, ನಿನ್ನೆ ನೀವು ಊರುಗೋಲು ಬೀಸಿದ್ದಕ್ಕೆ ಒಳಗಿದ್ದವರೆಲ್ಲ ಕೈ ಬೀಸಿದರು. ದಿನಾ ಮುಂದಿನ ಸೀಟಲ್ಲಿ ಕೂರೋ ಅಜ್ಜಿ, "ಡ್ರೈವರಮ್ಮ, ಯಾರು ಆ ಹುಚ್ಚ?" ಅಂದರು. ನಗು ತಡೆದುಕೊಂಡು, "ಯಾರೋ ಗೊತ್ತಿಲ್ಲಜ್ಜಿ" ಅಂದುಬಿಟ್ಟೆ.

ದಿನವಿಡೀ ನಾನು ಕಾಯೋದು ಆ ಒಂದು ತಿರುವಿಗೇ ರೀ. ಇವತ್ತು ತಲೆ ಬಾಚಿಕೊಂಡು ಕೂತಿರಿ. ಅಜ್ಜಿಗೆ ನಿಜ ಹೇಳಿಬಿಡ್ತೀನಿ.