ಆಲಾಪದ ಒಂದು ಫೋಟೋ ಬೇಕಾಗಿದೆ

ಧಾರವಾಡ
ಇಸವಿ ಎರಡು ಸಾವಿರದ ಇನ್ನೂರ ಹದಿನಾರು,
ಎರಡನೇ ಬೇಸಿಗೆಯ ನಲವತ್ತೊಂದನೇ ದಿನ

ಫೋಟೋಗ್ರಾಫರ್ ಗುರುಸಿದ್ಧ ಅಣ್ಣಿಗೇರಿ ಅಜ್ಜನವರಿಗೆ ಇರಾವತಿಯ ನಮಸ್ಕಾರಗಳು.

ಈ ಕಾಗದ ಮುಟ್ಟುವ ಹೊತ್ತಿಗೆ ನಿಮಗೆ ಇನ್ನೂ ಮೂವತ್ತೈದು ದಾಟಿರಲಿಕ್ಕಿಲ್ಲ. ಅಜ್ಜಾ ಎಂದರೆ ಸಿಟ್ಟೂ ಬರಬಹುದು. ನನಗೆ ಐವತ್ತೆಂಟು. ಆದರೆ ನೀವು ನನಗಿಂತ ಹೆಚ್ಚುಕಡಿಮೆ ಇನ್ನೂರು ವರ್ಷ ಮೊದಲು ಹುಟ್ಟಿದವರು, ಬೇರೆ ಹೇಗೆ ಕರೆಯಲಿ? ತಾರೀಖು ನೋಡಿ ಯಾರದೋ ಕುಚೇಷ್ಟೆ ಎಂದು ಹರಿದು ಹಾಕಬೇಡಿ. ನಮ್ಮಲ್ಲಿ ಈಗ ವರ್ಷಕ್ಕೆ ಎರಡು ಬೇಸಿಗೆ. ಹಿಂದಂಚೆ ಎಂಬುದೊಂದು ಬಂದಿದೆ, ಅಂದರೆ ಕಳೆದುಹೋದ ಕಾಲಕ್ಕೆ ಕಾಗದ ಹಾಕುವ ಡಬ್ಬಿ. ಹಾಕಿದ್ದು ಮುಟ್ಟುತ್ತದೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ನನ್ನ ಕನ್ನಡ ಅಲ್ಲಲ್ಲಿ ಮುಗ್ಗರಿಸಿದಂತೆ ಕಂಡರೆ ಕ್ಷಮೆಯಿರಲಿ. ನಿಮ್ಮ ಕಾಲದ ಭಾಷೆಯನ್ನು ನಾನು ಕಲಿತದ್ದು ನಿಮ್ಮ ಫೋಟೋಗಳ ಬೆನ್ನಿಗೆ ನೀವು ಬರೆದಿಟ್ಟ ಸಾಲುಗಳಿಂದ.

ನಿಮ್ಮ ಆ ಸಣ್ಣ ಹಾಲ್, ಎಂಬತ್ತು ಜನ ಕೂತರೆ ಕಾಲು ಚಾಚಲು ಜಾಗವಿಲ್ಲದ ಹಾಲ್, ಅಲ್ಲಿ ನೀವು ತೆಗೆದ ನಾನೂರ ಹನ್ನೆರಡು ಫೋಟೋಗಳು ನಮ್ಮ ಬಳಿ ಇವೆ. ಪ್ರತಿ ಸಂಗೀತ ಬೈಠಕ್ಕಿನ ಒಂದೆರಡನ್ನು ಕಾಗದದ ಮೇಲೆ ಹಾಕಿಸಿ ಮೆಟ್ಟಿಲ ಗೋಡೆಗೆ ತೂಗುಬಿಡುತ್ತಿದ್ದಿರಂತೆ. ಅದಕ್ಕೇ ಅವು ಉಳಿದವು. ಧ್ವನಿ ಒಂದೂ ಉಳಿಯಲಿಲ್ಲ. ನೀವೆಲ್ಲ ಹಾಡುಗಳನ್ನು ಯಂತ್ರಗಳಲ್ಲಿ ತುಂಬಿಟ್ಟಿರಿ, ಆ ಯಂತ್ರಗಳನ್ನು ತೆರೆಯುವ ವಿದ್ಯೆ ನನ್ನ ಮುತ್ತಜ್ಜಿಯ ಕಾಲಕ್ಕೇ ಸತ್ತುಹೋಯಿತು. ಆಮೇಲೆ ಮೂವತ್ತು ವರ್ಷ ಬಿಸಿಲಿಗೆ ಹೆದರಿ ಜನ ಒಂದೆಡೆ ಸೇರುವುದನ್ನೇ ಬಿಟ್ಟರು. ರಾಗಗಳು ಅಷ್ಟಿಷ್ಟು ಕೆಲವು ಮನೆಗಳಲ್ಲಿ ಉಳಿದುಕೊಂಡವು. ಆದರೆ ನಾಲ್ಕು ಜನರ ಮುಂದೆ ಕೂತು ಹಾಡುವುದು ಹೇಗೆ ನಡೆಯುತ್ತಿತ್ತು ಎಂದು ಹೇಳುವವರು ಇರಲಿಲ್ಲ. ಮತ್ತೆ ಬೈಠಕ್ ಶುರುಮಾಡಬೇಕು ಎಂದಾಗ ಹಿರಿಯರು ನಿಮ್ಮ ಫೋಟೋಗಳನ್ನು ಮುಂದಿಟ್ಟುಕೊಂಡು, ನೋಡಿ ನೋಡಿ, ಎಲ್ಲವನ್ನೂ ಹೊಸದಾಗಿ ಕಟ್ಟಿದರು.

ಏನು ಕಟ್ಟಿದರು ಎಂಬುದನ್ನು ನೀವು ಬಂದು ನೋಡಬೇಕಿತ್ತು. ನಮ್ಮ ಬೈಠಕ್ಕುಗಳು ನೆಲದೊಳಗಿನ ತಂಪುಕೋಣೆಗಳಲ್ಲಿ, ಬೆಳಗಿನ ಹೊತ್ತು ನಡೆಯುತ್ತವೆ. ಜನ ನೀರಂಗಿ ತೊಟ್ಟು ಬರುತ್ತಾರೆ, ಅದು ಪದರಗಳಲ್ಲಿ ನೀರು ಹಿಡಿದಿಡುವ ಅಂಗಿ, ಬಾಗಿಲಲ್ಲಿ ಕಳಚಿ ಗೂಟಕ್ಕೆ ಹಾಕುತ್ತಾರೆ. ಒಳಗೆ ಒದ್ದೆ ಬಟ್ಟೆಯ ವಾಸನೆ. ನಿಮ್ಮ ಫೋಟೋಗಳಲ್ಲಿ ಗಾಯಕರ ಬಲಗೈ ಯಾವಾಗಲೂ ಮೇಲೆ ಎತ್ತಿರುತ್ತದೆ, ಬಾಯಿ ಅಗಲ ತೆರೆದಿರುತ್ತದೆ. ಆದ್ದರಿಂದ ನಮ್ಮ ಗಾಯಕರು ಮೊದಲ ಸ್ವರದಿಂದ ಕೊನೆಯವರೆಗೂ ಕೈ ಇಳಿಸುವಂತಿಲ್ಲ. ಪಾಪ, ತೋಳು ಸೋಲುತ್ತದೆಂದು ಮೊಣಕೈ ಕೆಳಗೆ ಒಂದು ಕೈಗೂಟ ಕೊಡುತ್ತಾರೆ. ನೀವು ಎಡಗಡೆಯ ಕಂಬಕ್ಕೆ ಒರಗಿ ತೆಗೆಯುತ್ತಿದ್ದಿರಿ. ಹಾಗಾಗಿ ಫೋಟೋದಲ್ಲಿ ಗಾಯಕರ ಮುಖ ಪಕ್ಕಕ್ಕೆ ತಿರುಗಿದಂತೆ ಕಾಣುತ್ತದೆ, ನಮ್ಮಲ್ಲಿ ಕೇಳುಗರು ಮುಂದೆ ಕೂತಿದ್ದರೂ ಗಾಯಕರು ಕೂರುವುದು ಪಕ್ಕದ ಗೋಡೆಯ ಕಡೆ ಮುಖ ಮಾಡಿ. ಪ್ರತಿ ಫೋಟೋದಲ್ಲೂ ಗಾಯಕರ ಪಕ್ಕ ಒಂದು ಸ್ಟೀಲ್ ಫ್ಲಾಸ್ಕ್ ಇದೆ. ನಾವೂ ಇಡುತ್ತೇವೆ. ಅದರಲ್ಲಿ ಏನಿರುತ್ತಿತ್ತೆಂದು ತಿಳಿಯದ ಕಾರಣ ಖಾಲಿ ಇಡುತ್ತೇವೆ, ಗಂಟಲು ಒಣಗಿ ಕೆಮ್ಮಿದರೂ ಯಾರೂ ಅದನ್ನು ಮುಟ್ಟುವುದಿಲ್ಲ. ಕೇಳುಗರು ಎರಡು ಗಂಟೆ ಕಾಲ ಕಣ್ಣರಳಿಸಿ, ವಾಹ್ ಎನ್ನುವ ಮುಖ ಹೊತ್ತು ಕೂರಬೇಕು. ಮನೆಗೆ ಹೋಗುವಾಗ ಎಲ್ಲರಿಗೂ ಕೆನ್ನೆ ನೋವು. ಅಪ್ಪ ನೆಟ್ಟ ಆಲದ ಮರ ಎಂದು ನೇಣು ಹಾಕಿಕೊಳ್ಳುವುದೆಂದರೆ ಇದೇ.

ಹೀಗೇಕಾಯಿತು ಎಂದು ನನಗೆ ತಿಳಿದದ್ದು ಹನ್ನೊಂದು ವರ್ಷದ ಕೆಳಗೆ. ನಾನೂ ಬೈಠಕ್ಕುಗಳ ಫೋಟೋ ತೆಗೆಯುವವಳೇ, ನಿಮ್ಮ ಕಸುಬಿನವಳೇ. ಒಂದು ಫೋಟೋದ ಬೆನ್ನಿಗೆ ನಿಮ್ಮ ಅಕ್ಷರದಲ್ಲಿ ಹೀಗಿತ್ತು: "ಆಲಾಪ ನಡದಾಗ ಕ್ಯಾಮೆರಾ ಎತ್ತಬ್ಯಾಡೋ ತಮ್ಮಾ, ಸಮ್‌ಗೆ ಬಂದಾಗ ಹೊಡಿ ಅಂತ ದೇಸಾಯಿ ಮಾಸ್ತರು ಬೈದರು. ಅವರು ಹೇಳಿದ್ದು ಖರೇ." ತಾಳದ ಸುತ್ತು ಮುಗಿದು ಹಾಡೂ ತಬಲಾವೂ ಒಂದೇ ಬಡಿತಕ್ಕೆ ಬಂದು ಕೂಡುವ ಜಾಗ ಸಮ್. ಗಾಯಕರು ಕೈ ಎತ್ತುವುದು, ಸಭೆ ವಾಹ್ ಎನ್ನುವುದು ಆಗಲೇ, ಆ ಗದ್ದಲದಲ್ಲಿ ಕ್ಯಾಮೆರಾದ ಟಕ್ ಸದ್ದು ಯಾರಿಗೂ ಕೇಳುವುದಿಲ್ಲ. ಮರ್ಯಾದೆಯ ಮಾತು, ಒಪ್ಪುತ್ತೇನೆ. ಸದ್ದಿಲ್ಲದ ಕ್ಯಾಮೆರಾ ನಿಮ್ಮ ಕೈಗೆ ಬಂದ ಮೇಲೂ ನೀವು ಆ ಮರ್ಯಾದೆ ಬಿಡಲಿಲ್ಲ. ನಾನೂರ ಹನ್ನೆರಡು ಫೋಟೋ, ನಾನೂರ ಹನ್ನೆರಡು ಸಮ್. ತಬಲಾ ಇನ್ನೂ ಶುರುವಾಗದ, ಬರೀ ತಂಬೂರಿಯ ಜೊತೆ ಒಂದೊಂದೇ ಸ್ವರವನ್ನು ಹುಡುಕಿಕೊಂಡು ಹೋಗುವ ಆಲಾಪದ್ದು ಒಂದೂ ಇಲ್ಲ. ಎಷ್ಟು ಸಲ ಹುಡುಕಿದೆ ಎಂದು ಕೇಳಬೇಡಿ, ದಣಿದಿದ್ದೇನೆ.

ಇದರ ಪೆಟ್ಟು ಬಿದ್ದದ್ದು ನನ್ನ ತಂಗಿ ಕಸ್ತೂರಿಗೆ. ನಮ್ಮ ಅವ್ವ ತೀರಿಕೊಂಡಾಗ ಅವಳಿಗೆ ಎರಡು ವರ್ಷ, ನಾನೇ ಎತ್ತಿ ಬೆಳೆಸಿದವಳು. ನಮ್ಮ ಅಜ್ಜಿ ರೊಟ್ಟಿ ಬಡಿಯುತ್ತಾ ಹಾಡಿಕೊಳ್ಳುತ್ತಿದ್ದ ಆಲಾಪವನ್ನು ಅವಳು ಒಲೆಯ ಮುಂದೆ ಕೂತು ಕಲಿತಳು. ಕಣ್ಣು ಮುಚ್ಚಿ, ಕೈ ಮಡಿಲಲ್ಲಿಟ್ಟು, ತುಟಿ ಬಿಚ್ಚಿಯೂ ಬಿಚ್ಚದ ಹಾಗೆ ಶುರುಮಾಡುತ್ತಾಳೆ. ಅವಳು ಹಾಡುವಾಗ ನನಗೆ ಅಳು ಬರುತ್ತದೆ, ಅದನ್ನು ಮುಚ್ಚಿಡುವ ವಯಸ್ಸು ನನ್ನದಲ್ಲ. ನಮ್ಮಲ್ಲಿ ಸಭೆಯ ಮುಂದೆ ಹಾಡಲು ರೂಢಿಪತ್ರ ಬೇಕು. ಹಾಡುವ ರೀತಿ ಹಳೆಯದೇ ಎಂದು ಫೋಟೋ ಸಾಕ್ಷಿ ನೋಡಿ ಒಂದು ಮಂಡಳಿ ಕೊಡುವ ಪತ್ರ ಅದು, ಬೆನ್ನಿನ ಬರಹವೊಂದೇ ಸಾಲದು. ಎರಡು ಸಲ ಅವಳನ್ನು ತಿರುಗಿ ಕಳಿಸಿದರು. ಮಂಡಳಿಯ ಹಿರಿಯರು ಕೆಟ್ಟವರಲ್ಲ. "ತಂಗೀ, ನೀ ಹಾಡೂದು ಭಾಳ ಚೊಲೋ ಅದ. ಆದ್ರ ಫೋಟೋದಾಗ ಇಲ್ಲಲ್ಲವಾ," ಎಂದು ಬೇಸರದಿಂದಲೇ ಹೇಳಿದರು. ಮೂರನೆಯದೇ ಕೊನೆಯ ಸಲ, ಅದಕ್ಕೆ ಇನ್ನು ಹನ್ನೆರಡು ದಿನ ಇದೆ. ಆಗಲೂ ಇಲ್ಲವೆಂದರೆ ಅವಳು ಬದುಕಿರುವವರೆಗೆ ಸಭೆಯ ಮುಂದೆ ಹಾಡುವಂತಿಲ್ಲ.

ಅದಕ್ಕೇ ಈ ಕಾಗದ. ನೀವು ಮುಂದೆ ಯಾವ ಬೈಠಕ್ಕಿಗೆ ಹೋಗುತ್ತೀರೋ ಅಲ್ಲಿ ಆಲಾಪದ ನಡುವೆ ಒಂದೇ ಒಂದು ಸಲ ಒತ್ತಿ. ಹಾಡುವವರ ಕೈ ಕೆಳಗಿರಲಿ. ತಬಲಾದವರು ಸುಮ್ಮನೆ ಕೈಕಟ್ಟಿ ಕೂತಿರುವುದು ಕಾಣಲಿ, ಅದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಕೇಳುಗರಲ್ಲಿ ಯಾರಾದರೂ ಕಿವಿ ಕೆರೆದುಕೊಳ್ಳುತ್ತಿದ್ದರೆ, ಆಕಳಿಸುತ್ತಿದ್ದರೆ ಅದನ್ನೂ ಬಿಡಬೇಡಿ. ಮಸುಕಾಗಿ ಬಂದರೂ ಅಳಿಸಬೇಡಿ. ಕಾಗದದ ಮೇಲೆ ಹಾಕಿಸಿ, ಹಿಂದೆ "ಆಲಾಪ ನಡೆದಿದೆ" ಎಂದು ಬರೆದು ಗೋಡೆಗೆ ಹಾಕಿ. ಹಾಗಾದರೆ ನಿಮ್ಮ ಫೋಟೋಗಳಿರುವ ನಮ್ಮ ಪೆಟ್ಟಿಗೆಯಲ್ಲಿ ನಾನೂರ ಹದಿಮೂರನೆಯದು ಇರಬೇಕು. ಹುಚ್ಚು ಮಾತು ಎಂದು ನನಗೂ ಗೊತ್ತು, ಆದರೂ ದಿನಾ ಬೆಳಿಗ್ಗೆ ಹೋಗಿ ಪೆಟ್ಟಿಗೆ ತೆರೆಯುತ್ತೇನೆ. ನೀವು ಒತ್ತಿದಾಗ ಹತ್ತು ಜನ ತಿರುಗಿ ಗುರಾಯಿಸಬಹುದು, ದೇಸಾಯಿ ಮಾಸ್ತರು ಮಾತು ಬಿಡಲೂಬಹುದು. ನನ್ನ ಸಲುವಾಗಿ ಅದನ್ನು ನುಂಗಿಕೊಳ್ಳಿ.

ಇದು ಸಣ್ಣ ಕೋರಿಕೆಯಲ್ಲ ಎಂದು ನನಗೆ ಮೂರು ದಿನದ ಹಿಂದೆ ಅರ್ಥವಾಯಿತು. ಕಸ್ತೂರಿ ಮನೆಯಲ್ಲೇ ಮೂವರ ಮುಂದೆ ಹಾಡಿದಳು. ಪತ್ರ ಸಿಗದಿದ್ದರೂ ತಾನು ಹೀಗೆ ಹಾಡಿದ್ದಕ್ಕೆ ಒಂದು ಫೋಟೋ ಇರಲಿ ಎಂದು ಅವಳೇ ಕೇಳಿಕೊಂಡಿದ್ದಳು. ನಲವತ್ತು ನಿಮಿಷ ಹಾಡಿದಳು. ಕ್ಯಾಮೆರಾ ನನ್ನ ತೊಡೆಯ ಮೇಲಿತ್ತು. ಈಗ ಒತ್ತೋಣ ಅನ್ನುವಷ್ಟರಲ್ಲಿ ಅವಳು ಇನ್ನೊಂದು ಸ್ವರಕ್ಕೆ ಇಳಿಯುತ್ತಿದ್ದಳು, ಕೆಟ್ಟೀತೆಂದು ಬೆರಳು ತಡೆಯಿತು. ಸಮ್ ಬರಲಿ ಎಂದು ಕಾದೆ. ತಬಲಾವೇ ಇಲ್ಲದ ಕಡೆ ಎಲ್ಲಿಯ ಸಮ್? ಅವಳು ಮುಗಿಸಿ ಕಣ್ಣು ತೆರೆದು, "ಅಕ್ಕಾ, ತಗದಿ?" ಎಂದಳು. "ತಗದೇನವಾ," ಎಂದೆ. ಮೂರು ದಿನದಿಂದ ತೋರಿಸು ಎನ್ನುತ್ತಿದ್ದಾಳೆ. ನನ್ನ ಹತ್ತಿರ ತೋರಿಸಲು ಏನೂ ಇಲ್ಲ.

ಇರಾವತಿ ಕಮಡೊಳ್ಳಿ