ಒಂದಡಿ ಅಗಲದ ದಾರಿ

ಅಪ್ಪಾ,

ನೀನು ಗೋಡೆಗೆ ಬಣ್ಣ ಬಳಿಯುತ್ತಿದ್ದ ಏಣಿಯ ಎರಡನೇ ಮೆಟ್ಟಿಲಿಗೇ ಕಿರುಚುತ್ತಿದ್ದ ಪುಕ್ಕಲಿ ಇವತ್ತು ಏನು ಮಾಡಿದಳು ಗೊತ್ತಾ? ನೀನು ನಂಬುವುದಿಲ್ಲ. ನನಗೇ ಇನ್ನೂ ನಂಬಿಕೆ ಬಂದಿಲ್ಲ!

ಕೆಲವು ದಿನಗಳಿಂದ ಬೆಟ್ಟಗಳ ನಡುವಿನ ಆಳವಾದ ಕಂದರದಲ್ಲಿ ನಡೆಯುತ್ತಿದ್ದೇವೆ. ಎರಡೂ ಕಡೆ ಕತ್ತೆತ್ತಿದರೂ ಮುಗಿಯದ ಬಂಡೆ, ತಳದಲ್ಲಿ ಭೋರ್ಗರೆಯುವ ಹೊಳೆ. ಇವತ್ತು ಬಂಡೆಯಲ್ಲೇ ಕಡಿದ ಒಂದಡಿ ಅಗಲದ ದಾರಿಯನ್ನು ದಾಟಬೇಕಿತ್ತು. ನಮ್ಮ ಗೈಡ್ ಹಗ್ಗ ಬಿಗಿದು ಮುಂದೆ ಹೋದಳು, ಅವಳ ಹಿಂದೆ ನಾನು. ದಾಟಿಯೂ ಬಿಟ್ಟೆ! ತಿರುಗಿ ನೋಡಿದರೆ, ಜೊತೆಗಿದ್ದ ನಿವೃತ್ತ ಟೀಚರಮ್ಮ ನಡುದಾರಿಯಲ್ಲಿ ಬಂಡೆಯನ್ನು ತಬ್ಬಿಕೊಂಡು ನಿಂತುಬಿಟ್ಟಿದ್ದಾರೆ.

"ನನ್ನ ಕೈಲಾಗಲ್ಲಮ್ಮಾ. ನಾನು ಇಲ್ಲೇ ಇರ್ತೀನಿ, ನೀವೆಲ್ಲ ಹೋಗಿ."

"ಇಲ್ಲೇ ಇದ್ದು ಏನ್ಮಾಡ್ತೀರಾ? ಹದ್ದುಗಳಿಗೆ ಮಗ್ಗಿ ಹೇಳ್ಕೊಡ್ತೀರಾ?" ಎನ್ನುತ್ತಾ ನಾನೇ ವಾಪಸ್ ಹೊರಟೆ. "ಹೋಗಿ, ಹಗ್ಗ ನಾನು ಹಿಡಿದಿದ್ದೀನಿ," ಎಂದಳು ಗೈಡ್.

ಟೀಚರಮ್ಮನ ಕೈ ಹಿಡಿದುಕೊಂಡೆ. ಏಣಿಯ ಬುಡದಲ್ಲಿ ನೀನು ನನಗೆ ಹೇಳುತ್ತಿದ್ದ ಮಾತೇ ಬಾಯಿಗೆ ಬಂತು: "ಕೆಳಗಿರೋದು ಎಲ್ಲೂ ಓಡಿ ಹೋಗಲ್ಲ, ಆಮೇಲೆ ನೋಡೋಣ. ಈಗ ಕಾಲಿಡೋ ಜಾಗ ಮಾತ್ರ ನೋಡಿ." ಇಂಚಿಂಚಾಗಿ ಸರಿದು ಬಂದೆವು. ಆಚೆ ತಲುಪಿದ್ದೇ ತಡ, ಇಬ್ಬರೂ ಹುಚ್ಚು ಹಿಡಿದವರ ಹಾಗೆ ನಕ್ಕೆವು.

"ಇಷ್ಟು ಧೈರ್ಯ ಯಾರು ಕಲಿಸಿದ್ರು ನಿಂಗೆ?" ಎಂದರು.

"ನಮ್ಮಪ್ಪ."

"ಮೇಲೆ ಹೋದ್ರೆ ಸಿಗ್ನಲ್ ಸಿಗುತ್ತಂತೆ. ಮೊದಲು ಅವರಿಗೆ ಫೋನ್ ಮಾಡು. ಎಷ್ಟು ಖುಷಿಪಡ್ತಾರೋ!"

ನೀನಿಲ್ಲವೆಂದು ಹೇಳಲು ಮನಸ್ಸಾಗಲಿಲ್ಲ ಅಪ್ಪಾ.

"ಇವತ್ತೇ ಹೇಳ್ತೀನಿ," ಅಂದೆ.